ಹೊಸಿಲ ಒಳಗೆ ಬಂದ ಫೋನು

ಎಂಬತ್ತಮೂರೋ ಎಂಬತ್ತನಾಲ್ಕೋ ಇರಬೇಕು. ನನ್ನ ಮಗಳು ಗಿರಿಜೆ ಗಂಡನ ಮನೆ ಬಿಟ್ಟು ಅಜ್ಜಂಪುರಕ್ಕೆ, ನನ್ನ ಹತ್ತಿರ ಬಂದು ವರ್ಷ ಆಗುತ್ತಾ ಬಂದಿತ್ತು. ಸಿಂಗಟಗೆರೆ ಕಡೆ ಕೊಟ್ಟಿದ್ದೆವು. ಗಂಡ ಹೊಡೀತಿದ್ದ. ಸುತ್ತಿ ಬಳಸಿ ಬರೆಯೋದು ನನಗೆ ಬರೋಲ್ಲ, ಹೊಡೀತಿದ್ದ, ಅಷ್ಟೆ.

ನನ್ನ ಯಜಮಾನರು ತೀರಿಹೋಗಿದ್ದರು. ಮನೆಯಲ್ಲಿ ನಡೀತಿದ್ದಿದ್ದು ನನ್ನ ಮೈದುನನ ಮಾತು. ಎರಡೂ ಕಡೆಯ ಹಿರಿಯರು ಕೂತು ಮಾತಾಡಿದ ದಿನ ಗಿರಿಜೆ, "ನಾನು ಹೋಗಲ್ಲ ಚಿಕ್ಕಪ್ಪ, ಟೈಪಿಂಗ್ ಪಾಸಾಗಿದೀನಿ, ಎಲ್ಲಾದ್ರೂ ದುಡ್ಕೊಂಡು ತಿಂತೀನಿ" ಅಂದಳು. ಅವನು ನಕ್ಕ. "ಆಯ್ತು ಕಣವ್ವ, ಯುಗಾದಿ ಒಳಗೆ ಕೆಲ್ಸ ತಗಂಡು ತೋರ್ಸು, ಇಲ್ಲೇ ಇರು. ಸಿಗ್ಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ಹೋಗ್ಬೇಕು" ಅಂದ. ಕೂತಿದ್ದವರೆಲ್ಲ ಹೂಂ ಅಂದರು.

ಹುಡುಗಿ ಕೂತುಕೊಳ್ಳಲಿಲ್ಲ. ತರೀಕೆರೆಯ ಒಂದು ಅಕ್ಕಿ ಗಿರಣಿ, ಕಡೂರಿನ ಒಂದು ಎಣ್ಣೆ ಮಿಲ್ಲು, ಎರಡು ಕಡೆಗೂ ಹೋಗಿ ಟೈಪ್ ಮಾಡಿ ತೋರಿಸಿ ಬಂದಳು. ಎರಡೂ ಕಡೆ "ಫೋನ್ ಮಾಡ್ತೀವಿ, ನಂಬರ್ ಕೊಟ್ಟು ಹೋಗಿ" ಅಂದರಂತೆ. ನಮ್ಮ ಮನೆಯಲ್ಲಿ ಎಲ್ಲಿಯ ಫೋನು? ಪಕ್ಕದ ಮಂಡಿ ಸಾಹುಕಾರರ ನಂಬರು ಕೊಟ್ಟಳು. ಬೀದಿಗೆಲ್ಲ ಅದೊಂದೇ ಫೋನು. ಯಾರಿಗೆ ಬಂದರೂ ಅವರ ಸೊಸೆ ಎತ್ತಿ, ಪಕ್ಕಕ್ಕೆ ಇಟ್ಟು, ಹಿತ್ತಲಿಂದ ಕೂಗೋಳು. ಫೋನು ಇದ್ದಿದ್ದು ಅವರ ನಡುಮನೆಯಲ್ಲಿ, ದೇವರ ಕೋಣೆಯ ಬಾಗಿಲ ಪಕ್ಕ.

ಶಿವರಾತ್ರಿ ಆಗಿ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ ಆ ಕೂಗು ಬಂತು. "ಗಿರಿಜಕ್ಕ, ಟ್ರಂಕ್ ಕಾಲು, ಬೇಗ ಬಾ."

ಗಿರಿಜೆ ಓಡಿದಳು. ನಾನು ಮೆಣಸಿನಕಾಯಿ ಒಣಗಹಾಕುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಂಡು ಹಿಂದೆಯೇ ಹೋದೆ. ಹೋಗಿ ನೋಡಿದರೆ ಇವಳು ಹೊಸಿಲ ಈಚೆ ನಿಂತಿದ್ದಾಳೆ. ಸಾಹುಕಾರರ ತಾಯಿ, ನಾವು ದೊಡ್ಡಮ್ಮ ಅಂತಿದ್ದೆವು, ಹೊಸಿಲ ಒಳಗೆ ಅಡ್ಡ ನಿಂತಿದ್ದಾರೆ.

"ಎಷ್ಟನೇ ದಿನ ಕಣೇ?" ಅಂತ ಕೇಳ್ತಿದ್ದರು.

ನಾವು ನೀರು ಸೇದೋದು ಅವರ ಬಾವಿಯಲ್ಲಿ. ಎರಡು ದಿನದಿಂದ ಗಿರಿಜೆ ಬದಲು ನಾನು ಕೊಡ ಹಿಡಿದು ಹೋಗ್ತಿದ್ದೆ. ದೊಡ್ಡಮ್ಮನಿಗೆ ಅಷ್ಟು ಸಾಕು. ನಮ್ಮಲ್ಲಿ ಇದನ್ನೆಲ್ಲ ನೋಡೋಲ್ಲ, ಕೊರಳಲ್ಲಿ ಲಿಂಗ ಇರೋರಿಗೆ ಮುಟ್ಟಿನ ಮೈಲಿಗೆ ಇಲ್ಲ ಅಂತ ನಮ್ಮತ್ತೆ ಹೇಳೋರು. ಆದರೆ ಮನೆ ಅವರದು, ಬಾವಿ ಅವರದು, ಫೋನೂ ಅವರದು.

"ಮೂರನೇದು ದೊಡ್ಡಮ್ಮ. ಕೆಲ್ಸದ ಫೋನು, ಒಂದೇ ಮಾತು ಆಡಿ ಬಂದ್ಬಿಡ್ತೀನಿ" ಅಂದಳು ಗಿರಿಜೆ.

"ನಾಳೆ ನೀರು ಹಾಕ್ಕೊಂಡು ಬಾರವ್ವ, ಬೇಕಾದಷ್ಟು ಮಾತಾಡು. ಫೋನೇನು ಓಡ್ಹೋಗುತ್ತಾ?"

ಒಳಗೆ ಮೇಜಿನ ಮೇಲೆ ಬಿದ್ದಿದ್ದ ಫೋನಿನಿಂದ ಯಾರೋ ಹಲೋ ಹಲೋ ಅಂತಿದ್ದಿದ್ದು ನನಗೂ ಸಣ್ಣಗೆ ಕೇಳಿಸ್ತು. ಸೊಸೆ ಗೋಡೆ ಹಿಡಿದು ನಿಂತಿದ್ದಳು. ಫೋನ್ ಎತ್ತಿ 'ಇರಿ' ಅನ್ನೋದು ಬಿಟ್ಟು ಗಂಡಸರ ಹತ್ತಿರ ಇನ್ನೊಂದು ಮಾತಾಡೋಕೆ ಅವಳಿಗೆ ಅಪ್ಪಣೆ ಇರಲಿಲ್ಲ. ನಾನು ದೊಡ್ಡಮ್ಮನ ಪಕ್ಕದಿಂದ ನುಗ್ಗಿ ಹೋಗಿ ಎತ್ತಿದೆ. ಗುಂಯ್ ಅಂತ ಸದ್ದು, ಅಷ್ಟೆ. ಮಾತು ಹೋಗಿತ್ತು.

ಕರೆದಿದ್ದು ತರೀಕೆರೆಯವರೋ ಕಡೂರಿನವರೋ, ಅದೂ ಗೊತ್ತಿಲ್ಲ. ಇಬ್ಬರೂ ಎಕ್ಸ್‌ಚೇಂಜಿಗೆ ಹೋದೆವು. ಅಲ್ಲಿದ್ದ ಆಪರೇಟರು ನೋಡಿ, "ಕಡೂರಿಂದ ಬಂದಿದ್ದು ಕಣಮ್ಮ" ಅಂದ. ತಿರುಗಿ ಫೋನ್ ಮಾಡೋಣ ಅಂತ ಗಿರಿಜೆ ಬುಕ್ ಮಾಡಿದಳು. ಸಾಯಂಕಾಲದವರೆಗೆ ಬೆಂಚಿನ ಮೇಲೆ ಕೂತೆವು, ಲೈನ್ ಸಿಗಲಿಲ್ಲ. "ಇದನ್ನ ನಂಬ್ಕೊಂಡು ಕೂತ್ಕೋಬೇಡಿ, ಬೆಳಿಗ್ಗೆ ರೈಲಿಗೆ ನೀವೇ ಹೋಗ್ಬಿಡಿ" ಅಂತ ಅವನೇ ಹೇಳಿದ. ಬುಕ್ ಮಾಡಿದ್ದಕ್ಕೆ ಕಾಸು ತಗೊಳ್ಳಲಿಲ್ಲ. ಆ ಎರಡು ದಿನದಲ್ಲಿ ಸಿಕ್ಕಿದ ಒಳ್ಳೆಯ ಮಾತು ಅದೊಂದೇ.

ಕಡೂರಿಗೆ ಹೋಗಿ ಮಿಲ್ಲಿನ ಆಫೀಸಿನೊಳಗೆ ಕಾಲಿಟ್ಟಾಗಲೇ ನನಗೆ ಗೊತ್ತಾಯ್ತು. ಟೈಪ್ ಮಿಷನ್ ಮುಂದೆ ಬೇರೆ ಹುಡುಗಿ ಕೂತಿದ್ದಳು.

ಮ್ಯಾನೇಜರ್ ಕೆಟ್ಟವನೇನಲ್ಲ. ಕೂತ್ಕೊಳ್ಳಿ ಅಂದ. "ಮೊದ್ಲು ಕರೆದಿದ್ದು ನಿನ್ನನ್ನೇ ಕಣಮ್ಮ. ಯಾರೋ ಇರಿ ಅಂದ್ರು, ಕಾದೆ ಕಾದೆ, ಯಾರೂ ಬರ್ಲಿಲ್ಲ. ಈ ಹುಡುಗಿಗೆ ಮಾಡ್ದೆ, ಎತ್ತಿದ್ಲು, ಬೆಳಿಗ್ಗೆ ಬರ್ತೀನಿ ಅಂದ್ಲು. ಫೋನ್ ಹತ್ರ ಬರೋಕೆ ನಿನಗೇನಾಗಿತ್ತು?"

ಗಿರಿಜೆ ತಲೆ ಬಗ್ಗಿಸಿದಳು. ಅವನು ಇನ್ನೊಂದು ಸಲ ಕೇಳಿದ. ನಾನು ಹೇಳಿದೆ. "ಮುಟ್ಟಾಗಿದ್ಲು ಸ್ವಾಮಿ. ಫೋನಿದ್ದ ಮನೆಯೋರು ಒಳಗೆ ಬಿಡ್ಲಿಲ್ಲ."

ಅಲ್ಲಿದ್ದ ಗಂಡಸರೆಲ್ಲ ಕಾಗದದೊಳಗೆ ತಲೆ ಹಾಕಿದರು. ಒಬ್ಬ ಮೂಗಿನೊಳಗೇ ನಕ್ಕ. ಟೈಪ್ ಸದ್ದು ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯ್ತು. ಮ್ಯಾನೇಜರ್ ಕಿಟಕಿ ಕಡೆ ನೋಡ್ತಾ, "ಅದಕ್ಕೆ ನಾನೇನ್ ಮಾಡ್ಲಮ್ಮ? ಇನ್ನೊಂದು ಜಾಗ ಖಾಲಿಯಾದ್ರೆ ಹೇಳಿ ಕಳಿಸ್ತೀನಿ" ಅಂದ.

ಸ್ಟೇಷನ್ನಿನಲ್ಲಿ ಗಿರಿಜೆ ನನ್ನ ಮುಖ ನೋಡದೆ ಹೇಳಿದಳು. "ಅಷ್ಟು ಜನದ ಮುಂದೆ ಅದನ್ನ ಹೇಳ್ಬಾರ್ದಿತ್ತು ಕಣಮ್ಮ."

"ಮತ್ತೇನ್ ಹೇಳ್ಬೇಕಿತ್ತು? ಜ್ವರ ಅನ್ಬೇಕಿತ್ತಾ?"

"ಹೂಂ. ಜ್ವರ ಅನ್ಬೇಕಿತ್ತು."

ತರೀಕೆರೆಯವರು ಕರೆಯಲೇ ಇಲ್ಲ. ಕಡೂರಿನಿಂದಲೂ ಏನೂ ಬರಲಿಲ್ಲ.

ಯುಗಾದಿ ಆದ ಮೇಲೆ ಅಳಿಯ ಬಂದ. ಮೈದುನ ಒಬ್ಬಟ್ಟಿನ ಊಟ ಹಾಕಿಸಿದ. ದೊಡ್ಡಮ್ಮ ತಾವಾಗೇ ಬಂದು ಗಿರಿಜೆಗೆ ಮಡಿಲು ತುಂಬಿದರು. ರವಿಕೆ ಕಣ, ಕೊಬ್ಬರಿ, ಬೆಲ್ಲ, ಯಾವುದಕ್ಕೂ ಕಮ್ಮಿ ಮಾಡಲಿಲ್ಲ. "ಹೆಣ್ಣುಮಗಳು ಗಂಡನ ಮನೇಲಿದ್ರೇ ಚೆಂದ ಕಣವ್ವ" ಅಂತ ತಲೆ ಸವರಿದರು. ಅವರ ಕಣ್ಣಲ್ಲಿ ನೀರಿತ್ತು. ಗಿರಿಜೆ ಅವರ ಕಾಲಿಗೆ ಬಿದ್ದು ಎದ್ದು ಹೋಗಿ ಬಸ್ ಹತ್ತಿದಳು.

ಈಗ ಅವಳಿಗೆ ಎರಡು ಮಕ್ಕಳು. ಹಬ್ಬಕ್ಕೆ ಬರ್ತಾಳೆ. ಬೇಸಿಗೆಯಲ್ಲೂ ಮೊಣಕೈ ದಾಟೋ ಹಾಗೆ ರವಿಕೆ ತೋಳು ಹೊಲಿಸಿಕೊಂಡಿರ್ತಾಳೆ. ಯಾಕೆ ಅಂತ ಒಂದು ಸಲ ಕೇಳಿದೆ. "ಈಗ ಎಲ್ರೂ ಹಿಂಗೇ ಹೊಲಿಸ್ಕೊಳ್ಳೋದು ಕಣಮ್ಮ" ಅಂದಳು. ಮೊಮ್ಮಗ ಅವಳ ಮುಖ ನೋಡಿದ. ನಾನು ಆಮೇಲೆ ಕೇಳಲಿಲ್ಲ.

ದೊಡ್ಡಮ್ಮ ಹೋದ ವರ್ಷ ತೀರಿಕೊಂಡರು. ಬೀದಿಗೆ ಬೀದಿಯೇ ಅತ್ತು, ಎಂಥ ಧರ್ಮಾತ್ಮೆ ಅಂದರು. ಅದೂ ಸುಳ್ಳಲ್ಲ, ಅವರ ಬಾವಿ ನೀರು ಕುಡಿದೇ ನಾವು ಬದುಕಿದ್ದು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅಂತಾರೆ. ನಾನು ಇಟ್ಟುಕೊಂಡಿದ್ದೀನಿ.