ದೊಡ್ಡಕ್ಕನ ಒಗೆತ

ಕಂಪ್ಯೂಟರ್ ವಿಭಾಗದ ಸಂಶೋಧನಾ ಕೋಣೆಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಅವಳು ಕೊನೆಯ ಮಗಳು, ಅಕ್ಕ ಅನ್ನಿಸಿಕೊಂಡವಳೇ ಅಲ್ಲ. ಇಲ್ಲಿ ಜೊತೆಗೆ ಸೇರಿದವರು ಡಾಕ್ಟರೇಟ್ ಮುಗಿಸಿ ಹೋದರು, ಆಮೇಲೆ ಬಂದವರೂ ಹೋದರು, ಇವಳೊಬ್ಬಳು ಕಿಟಕಿ ಪಕ್ಕದ ಕುರ್ಚಿಗೆ ಅಂಟಿಕೊಂಡು ಉಳಿದಳು. ಯಾರದೋ ಪ್ರೋಗ್ರಾಮ್ ಕೈಕೊಟ್ಟರೆ ದೊಡ್ಡಕ್ಕ, ಹಾಸ್ಟೆಲಿನಲ್ಲಿ ಯಾರಿಗೋ ಜ್ವರ ಬಂದರೆ ದೊಡ್ಡಕ್ಕ, ಪ್ರೇಮ ಮುರಿದುಬಿದ್ದರೂ ದೊಡ್ಡಕ್ಕನೇ ಬೇಕು. ಊರಿನ ಉಸಾಬರಿಯೆಲ್ಲ ತಲೆಮೇಲೆ ಹೊತ್ತವಳಿಗೆ ತನ್ನ ಕೆಲಸಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು?

ಅವಳ ಕೆಲಸವೆಂದರೆ ಕೆಮ್ಮು. ರೋಗಿಯ ಕೆಮ್ಮಿನ ಸದ್ದು ಕೇಳಿ ಶ್ವಾಸಕೋಶದ ಕಾಯಿಲೆ ಗುರುತಿಸುವ ಪ್ರೋಗ್ರಾಮ್ ಬರೆಯುತ್ತಿದ್ದಳು. ವಿಶ್ವವಿದ್ಯಾಲಯ ಎರಡು ಸಲ ಅವಧಿ ವಿಸ್ತರಿಸಿತ್ತು. ಇನ್ನು ಆಗದು, ಈ ಸಲ ಪ್ರಬಂಧ ತಿರಸ್ಕಾರವಾದರೆ ನೋಂದಣಿಯೇ ರದ್ದು ಎಂದು ಖಡಾಖಂಡಿತವಾಗಿ ಹೇಳಿತ್ತು.

ಆ ಕೋಣೆಯಲ್ಲಿ ಒಂದು ಪದ್ಧತಿ ಇತ್ತು, ಶುರು ಮಾಡಿದವಳೂ ಅವಳೇ. ಯಾರೇ ಆಗಲಿ ಪ್ರಬಂಧ ಒಪ್ಪಿಸುವ ಮೊದಲು ಉಳಿದವರ ಮುಂದೆ ನಿಂತು ಅದನ್ನು ವಿವರಿಸಬೇಕು. ಉಳಿದವರು ದಯೆ ದಾಕ್ಷಿಣ್ಯವಿಲ್ಲದೆ ಪ್ರಶ್ನೆ ಕೇಳಿ ಬೆವರಿಳಿಸಬೇಕು. ಇದಕ್ಕೆ ಒಗೆತ ಎಂದು ಹೆಸರು. ತಪ್ಪು ಇಲ್ಲಿ ಸಿಕ್ಕಿಬಿದ್ದರೆ ತಿದ್ದಿಕೊಳ್ಳಲು ದಾರಿಯಿದೆ, ಪರೀಕ್ಷಕರ ಕೈಗೆ ಸಿಕ್ಕಿದರೆ ಇಲ್ಲ ಎನ್ನುವುದು ಅವಳ ವಾದ. ಒಗೆತದ ದಿನ ಅವಳ ಬಾಯಿಗೆ ಸಿಕ್ಕಿ ಅತ್ತವರುಂಟು. ಅತ್ತವರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸುತ್ತಿದ್ದವಳೂ ಅವಳೇ.

ಕೊನೆಗೆ ಅವಳ ಸರದಿಯೂ ಬಂತು. ಎಲ್ಲರೂ ಮುಂದಿನ ಸಾಲಿನಲ್ಲೇ ಕೂತರು. ಮಾತು ಮುಗಿಯಿತು, ಪ್ರಶ್ನೆಗಳು ಬಂದವು. ಪ್ರಶ್ನೆಗಳೇನು, ಹೂವಿನ ಎಸಳುಗಳು! ಅಕ್ಷರ ಇನ್ನೊಂಚೂರು ದೊಡ್ಡದಿರಲಿ ಎಂದ ಒಬ್ಬ. ಬಣ್ಣ ಚೆನ್ನಾಗಿದೆ ಎಂದಳು ಇನ್ನೊಬ್ಬಳು. ಎದ್ದ ತಕ್ಷಣ ಸೂರ್ಯನ ಮೇಲೂ ಆಕ್ಷೇಪ ತೆಗೆಯುವ, ಎಲ್ಲರೂ 'ತಕರಾರು' ಎಂದೇ ಕರೆಯುವ ಹುಡುಗಿ ಅಂದು ಪೆನ್ನಿನ ಮುಚ್ಚಳ ಕಚ್ಚುತ್ತ ತೆಪ್ಪಗೆ ಕೂತಿದ್ದಳು.

"ಏನೇ, ನಿಂದೇನೂ ಇಲ್ವಾ?" ಎಂದು ದೊಡ್ಡಕ್ಕ ನಕ್ಕಳು.

"ಇಲ್ಲ ಅಕ್ಕ. ಎಲ್ಲಾ ಸರಿಯಾಗಿದೆ."

ಇಷ್ಟು ವರ್ಷದ ಮೇಲೆ ಒಂದು ಕೆಲಸ ಸರಿಯಾಗಿದೆಯಲ್ಲ ಎಂದು ಅವಳಿಗೆ ಕಣ್ಣು ತುಂಬಿ ಬಂತು. ಗಡುವಿಗೆ ಇನ್ನೂ ಎರಡು ತಿಂಗಳಿದ್ದರೂ ಮಾರನೆಯ ದಿನವೇ ಪ್ರಬಂಧ ಒಪ್ಪಿಸಿದಳು. ಗೈಡ್ ಸಾಹೇಬರು ಎಂದಿನಂತೆ ಕೊನೆಯ ಪುಟ ಮಾತ್ರ ನೋಡಿ ಸಹಿ ಹಾಕಿದರು.

ಹೊರಗಿನಿಂದ ಬಂದ ಪರೀಕ್ಷಕಿ ಮೆದು ಮಾತಿನ ವಯಸ್ಸಾದ ಹೆಂಗಸು. "ಒಬ್ಬೊಬ್ಬ ರೋಗಿ ಎಷ್ಟೋ ಸಲ ಕೆಮ್ಮಿದಾನಲ್ಲಮ್ಮ. ಯಂತ್ರಕ್ಕೆ ಕಲಿಸೋಕೆ ಒಂದು ಭಾಗ, ಅದರ ಪರೀಕ್ಷೆಗೆ ಒಂದು ಭಾಗ ಅಂತ ಬೇರೆ ಮಾಡಿದೀಯಲ್ಲ, ರೋಗಿಗಳನ್ನ ಬೇರೆ ಮಾಡಿದ್ಯಾ, ಬರೀ ಕೆಮ್ಮುಗಳನ್ನ ಮಾಡಿದ್ಯಾ?"

ದೊಡ್ಡಕ್ಕನಿಗೆ ಆಗ ನೆನಪಾಯಿತು. ಸೇರಿದ ಹೊಸತರಲ್ಲಿ, ಏನೂ ಗೊತ್ತಿಲ್ಲದ ಕಾಲದಲ್ಲಿ, ಕೆಮ್ಮುಗಳನ್ನು ಕಲಸಿ ಎರಡು ಪಾಲು ಮಾಡಿದ್ದಳು. ಅದರ ಮೇಲೆ ಎಲ್ಲವನ್ನೂ ಕಟ್ಟುತ್ತ ಹೋದವಳು ಬುಡವನ್ನು ಮತ್ತೆ ಮುಟ್ಟಿರಲೇ ಇಲ್ಲ. ಒಬ್ಬನೇ ರೋಗಿ ಎರಡೂ ಕಡೆ ಕೆಮ್ಮುತ್ತಿದ್ದ. ಯಂತ್ರ ಕಾಯಿಲೆಯನ್ನಲ್ಲ, ಮನುಷ್ಯನನ್ನು ಗುರುತು ಹಿಡಿಯುತ್ತಿತ್ತು. ಪ್ರಶ್ನೆಪತ್ರಿಕೆಯನ್ನು ಮೊದಲೇ ನೋಡಿದ ವಿದ್ಯಾರ್ಥಿ ಒಳ್ಳೆಯ ಅಂಕ ತೆಗೆದ ಹಾಗೆ. ಬೇರೆಯವರ ಕೆಲಸದಲ್ಲಿ ಈ ತಪ್ಪನ್ನು ಅವಳು ಕಣ್ಣುಮುಚ್ಚಿ ಹಿಡಿದುಕೊಡುತ್ತಿದ್ದಳು.

"ಕೆಮ್ಮುಗಳನ್ನ" ಎಂದಳು. ಪರೀಕ್ಷಕಿ ಬೇಸರದಿಂದಲೇ ಕನ್ನಡಕ ತೆಗೆದಿಟ್ಟರು. ಪ್ರಬಂಧ ತಿರಸ್ಕಾರವಾಯಿತು.

ಸಂಶೋಧನಾ ಕೋಣೆಯಲ್ಲಿ ಕೇಕು ತಂದಿಟ್ಟು ಕಾಯುತ್ತಿದ್ದವರು ಅವಳ ಮುಖ ನೋಡಿ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಅವಳು ಯಾರನ್ನೂ ಮಾತಾಡಿಸದೆ ಕುರ್ಚಿಯಲ್ಲಿ ಕೂತು, ಈ ಸಲ ರೋಗಿಗಳನ್ನೇ ಬೇರೆ ಮಾಡಿ ಪ್ರೋಗ್ರಾಮ್ ಓಡಿಸಿದಳು. ಬಂದ ಫಲಿತಾಂಶಕ್ಕಿಂತ ನಾಣ್ಯ ಚಿಮ್ಮಿ ಹೇಳುವುದೇ ವಾಸಿ ಅನ್ನುವಂತಿತ್ತು.

ತಕರಾರು ಮಾತ್ರ ಹೋಗದೆ ಹಿಂದೆ ನಿಂತಿದ್ದಳು. "ಅಕ್ಕ, ನಂಗೆ ಒಗೆತದ ದಿನಾನೇ ಅನುಮಾನ ಬಂದಿತ್ತು."

ದೊಡ್ಡಕ್ಕ ತಿರುಗಿದಳು. "ಮತ್ಯಾಕೆ ಕೇಳ್ಲಿಲ್ಲ? ಅವತ್ತು ಕೇಳಿದ್ರೆ ಎರಡು ತಿಂಗಳು ಟೈಮಿತ್ತಲ್ಲೇ. ಹೇಗಾದ್ರೂ ಮಾಡಿ ತಿದ್ಕೋತಿದ್ದೆ."

"ಎಲ್ರೂ ಮೊದಲೇ ಮಾತಾಡ್ಕೊಂಡಿದ್ವಿ. ಅಕ್ಕ ಸಾಕಷ್ಟು ಕಷ್ಟಪಟ್ಟಿದಾರೆ, ಅವರನ್ನ ಯಾರೂ ನೋಯಿಸಬಾರದು ಅಂತ. ನಾನೊಬ್ಬಳು ಕೇಳಿ ನಿಮ್ಮನ್ನ ಅಳಿಸಿದ್ರೆ... ನಮಗೆ ಇಲ್ಲಿ ನಿಮ್ಮನ್ನ ಬಿಟ್ಟು ಇನ್ಯಾರಿದಾರೆ?"

ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ. ಇವರೆಲ್ಲ ಕೂಡಿ ತನ್ನನ್ನು ಪ್ರೀತಿಯಿಂದಲೇ ಮುಳುಗಿಸಿದರಲ್ಲ ಎಂದು ಅವಳಿಗೆ ವಿಪರೀತ ಸಂಕಟವಾಯಿತು. ಹುಡುಗಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. ದೊಡ್ಡಕ್ಕನ ಕೈ ಅಭ್ಯಾಸಬಲದಿಂದ ಅವಳ ತಲೆಯ ಮೇಲೆ ಹೋಯಿತು. ಆಮೇಲೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಇವತ್ತು ನನ್ನಿಂದಾಗಲ್ಲ ಕಣೆ" ಎಂದಳು. "ಇವತ್ತು ನೀನೇ ನಂಗೆ ಸಮಾಧಾನ ಮಾಡ್ಬೇಕು."

ಹುಡುಗಿ ಅಳು ನಿಲ್ಲಿಸಿ ಕಣ್ಣೊರೆಸಿಕೊಂಡಳು. ಅಕ್ಕನನ್ನು ಸಮಾಧಾನ ಮಾಡಿ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಹುಡುಗಿ ಫಲಿತಾಂಶವಿದ್ದ ಪರದೆಯ ಕಡೆ ನೋಡಿ, "ಕಂಪ್ಯೂಟರ್ ಆಫ್ ಮಾಡ್ಲಾ ಅಕ್ಕ?" ಎಂದು ಕೇಳಿದಳು.