ಮಾವ ಅನ್ನಬೇಡ ಎಂದ ಬಸಲಿಂಗಮ್ಮ

ಖೊಖೊ ಕಲಿಯಲು ಬಂದ ಹುಡುಗಿ ತರಬೇತಿದಾರನನ್ನು ‘ಮಾವ’ ಎಂದು ಕರೆದರೆ ಸಾಕು, ಬಸಲಿಂಗಮ್ಮ ಟೀಚರ್ ಸೀಟಿ ಊದಿ ಆಟವನ್ನೇ ನಿಲ್ಲಿಸುತ್ತಿದ್ದರು.

“ಏ ಹುಡುಗಿ, ಮಾವ ಮನ್ಯಾಗ. ಇಲ್ಲಿ ಸರ್ ಅನ್ನು. ಸರ್ ತಪ್ಪು ಮಾಡಿದ್ರ ಹೇಳಾಕ ಬರ್ತೈತಿ. ಮಾವ ತಪ್ಪು ಮಾಡಿದ್ರ ಯಾರ ಮುಂದ ಹೇಳ್ತಿ?”

ಸಿಂಧನೂರಿನಲ್ಲಿ ನಮ್ಮ ಯುವಕ ಸಂಘ ನಡೆಸುತ್ತಿದ್ದ ಬೇಸಿಗೆ ಶಿಬಿರದ ಹೊಣೆ ನಮ್ಮಿಬ್ಬರದು. ನಾನು ನಿವೃತ್ತ ದೈಹಿಕ ಶಿಕ್ಷಕ. ವೇಳೆ, ಸಾಲು, ಶಿಸ್ತು ನನ್ನ ಪಾಲು. ಅವರು ಮಸ್ಕಿಯಿಂದ ಮೊದಲ ಬಸ್ಸಿಗೆ ಬಂದು ಹುಡುಗಿಯರನ್ನು ನೋಡಿಕೊಳ್ಳುತ್ತಿದ್ದರು. ಸೀರೆಯ ಮೇಲೆ ಗಂಡಸರ ಅಂಗಿ, ಕಾಲಿಗೆ ಕ್ಯಾನ್ವಾಸ್ ಬೂಟು. ಯಾವ ಹುಡುಗಿ ನಗುವುದನ್ನು ಬಿಟ್ಟಿದ್ದಾಳೆ ಎಂಬುದು ಅವರಿಗೆ ಬೇಗ ತಿಳಿಯುತ್ತಿತ್ತು.

ಸಂಘದ ಅಧ್ಯಕ್ಷರು ಒಮ್ಮೆ ಕೆಣಕಿದರು: “ಏನ್ರಿ ಟೀಚರ್, ನನಗೂ ಅಜ್ಜ ಅನ್ನಬ್ಯಾಡಂತ ಹೇಳೀರೇನು?”

“ಹೇಳೀನ್ರಿ. ಅಜ್ಜ ಆಗೂದಿದ್ರ ನಿಮ್ಮ ಮನ್ಯಾಗ ಆಗ್ರಿ.”

ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ.

ಆ ವರ್ಷವೇ ಗೊರೇಬಾಳದ ಹುಡುಗಿಯೊಬ್ಬಳು, ಶಿಬಿರದ ತರಬೇತಿದಾರ ತನ್ನನ್ನು ಸಾಮಾನಿನ ಕೋಣೆಗೆ ಕರೆದು ಮುಟ್ಟಬಾರದ ಹಾಗೆ ಮುಟ್ಟಿದನೆಂದು ಬಸಲಿಂಗಮ್ಮನವರ ಮುಂದೆ ಅತ್ತಳು. ಅವನೂ ಅದೇ ಊರಿನವನು. ಅಂದೇ ನಾವಿಬ್ಬರೂ ಹುಡುಗಿಯನ್ನು, ಅವಳ ತಾಯಿಯನ್ನು ಕರೆದುಕೊಂಡು ಠಾಣೆಗೆ ಹೋದೆವು. ಬಾಗಿಲಲ್ಲೇ ತಾಯಿ ಬಸಲಿಂಗಮ್ಮನವರ ಕಾಲು ಹಿಡಿದಳು.

“ಅಕ್ಕಾರ, ನನ್ನ ಮಗಳ ಬಾಳೇವು ಹಾಳು ಮಾಡಬ್ಯಾಡ್ರಿ. ನಾಳೆ ಯಾರು ಮಾಡ್ಕೋತಾರ ಈಕಿನ್ನ?”

“ಏಳವ್ವಾ. ತಪ್ಪು ಮಾಡಿದಾಂವ ಅಂವ, ನೀ ಯಾಕ ಕಾಲು ಹಿಡೀತಿ?”

ಒಳಗೆ ಹುಡುಗಿ ತಾಯಿಯ ಮುಖ ನೋಡಿ, ಏನೂ ಆಗಿಲ್ಲ ಎಂದಳು. ನಮ್ಮ ದೂರು ಮುಂದಕ್ಕೆ ಹೋಗಲಿಲ್ಲ.

ವಾರದೊಳಗೆ ಊರ ಹಿರಿಯರು ಕೂತು ರಾಜಿ ಮಾಡಿಸಿದರು. ಆ ತರಬೇತಿದಾರನ ಹೆಂಡತಿ ಹುಡುಗಿಗೆ ಹೊಸ ಸೀರೆ ಕೊಟ್ಟು, ಕೊಬ್ಬರಿ, ಅಕ್ಕಿ ಹಾಕಿ ಉಡಿ ತುಂಬಿದಳು. ಇನ್ನು ಮುಂದೆ ಈಕೆ ಅವನ ಮನೆ ಮಗಳು, ಮಾತು ಮುಗಿಯಿತು ಎಂದರು ಹಿರಿಯರು. ಸುದ್ದಿ ಕೇಳಿದ ಬಸಲಿಂಗಮ್ಮ, “ಸರ್, ಆ ಕೂಸಿನ ಬಾಯಿಗೆ ಬೀಗ ಹಾಕಿದ್ರಲ್ರೀ” ಎಂದರು.

ಹುಡುಗಿ ಮತ್ತೆ ಅಂಗಳಕ್ಕೆ ಬರಲಿಲ್ಲ. ಸಂಘದವರು ಬಸಲಿಂಗಮ್ಮನವರಿಗೆ ಇನ್ನು ಬರಬೇಡಿ ಎಂದರು, ನಾನೂ ಬಿಟ್ಟೆ. ಆ ತರಬೇತಿದಾರನಿಗೆ ಲಿಂಗಸುಗೂರಿನ ಇನ್ನೊಂದು ಸಂಘದಲ್ಲಿ ಕೆಲಸ ಸಿಕ್ಕಿತು. ಅಲ್ಲಿಯವರಿಗೂ ಹೇಳಿ ನೋಡಿದೆವು. ಠಾಣೆಯಲ್ಲೇ ನಿಲ್ಲದ ಮಾತು ಇಲ್ಲೇಕೆ ಎಂದರು.

ಬಸಲಿಂಗಮ್ಮನವರನ್ನು ನಾನು ಕೊನೆಯ ಸಲ ಕಂಡದ್ದು ಲಿಂಗಸುಗೂರಿನಲ್ಲೇ, ಆ ಸಂಘದ ಮೈದಾನದ ಹೊರಗಿನ ಬೇವಿನ ಕಟ್ಟೆಯ ಮೇಲೆ. ದಿನಾ ಸಂಜೆ ಮಸ್ಕಿಯಿಂದ ಬಂದು ಕೂರುತ್ತಿದ್ದರಂತೆ.

“ಎಷ್ಟು ದಿನ ಹಿಂಗ ಕಾಯ್ತೀರಿ ಟೀಚರ್?”

“ನಾ ಕುಂತಿದ್ರ ಅಂವ ಹುಡುಗ್ಯಾರ ಸಮೀಪ ಹೋಗಂಗಿಲ್ಲ ಸರ್. ಅಷ್ಟ. ಮುಂದಿಂದು ನನಗ ಗೊತ್ತಿಲ್ಲ.”

ಚಳಿಗಾಲದಲ್ಲಿ ಎದೆನೋವು ಬಂದು ಅವರು ತೀರಿಕೊಂಡರು. ಮಣ್ಣು ಮುಗಿಸಿದ ಮರುದಿನ ಸಂಜೆ ನಾನು ಹೋಗಿ ಆ ಕಟ್ಟೆಯ ಮೇಲೆ ಕೂತೆ. ಅವನು ನನ್ನನ್ನು ನೋಡಿದ, ದೂರದಿಂದಲೇ ನಗುತ್ತ ನಮಸ್ಕಾರ ಮಾಡಿದ. ಆಮೇಲೆ ಒಬ್ಬ ಹುಡುಗಿಯ ಹೆಗಲ ಮೇಲೆ ಕೈಯಿಟ್ಟು ಆಟ ಹೇಳಿಕೊಡತೊಡಗಿದ. ನಾನು ಎದ್ದು ನಿಂತೆ. ಅವನು ಕೈ ತೆಗೆಯಲಿಲ್ಲ.