ಮೂರು ತಾಸಿನ ಅನ್ನ

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರು ಅಗಲವಾಗಿ, ಚಪ್ಪಟೆಯಾಗಿ, ತುದಿಯಲ್ಲಿ ಒಂದಿಷ್ಟು ಸೀಳಿತ್ತು. ಆ ಉಗುರಿನ ಮೇಲೆ ಒಂದು ಅನ್ನದ ಅಗುಳು ಇಟ್ಟು, ತೋರುಬೆರಳಿನಿಂದ ಒತ್ತಿ, ಅದು ಹಿಟ್ಟಾದದ್ದನ್ನು ಒಬ್ಬೊಬ್ಬ ಹೆಂಗಸಿನ ಮುಖದ ಮುಂದೆ ಹಿಡಿದು ತೋರಿಸುತ್ತಿದ್ದರು. "ನೋಡ್ರಿ, ಬೆಂದೈತೋ ಇಲ್ಲೋ ನೀವಾ ಹೇಳ್ರಿ" ಎನ್ನುತ್ತಿದ್ದರು. ಹೆಂಗಸರೆಲ್ಲ ಬೆಂದೈತಿ ಎನ್ನುತ್ತಿದ್ದರು. ಬೆಂದಿರುತ್ತಿತ್ತು ಕೂಡ. ಅದು ಎಲ್ಲಿ ಬೆಂದಿತ್ತು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಅವರು ನಮ್ಮ ಹಡಗಲಿ ಸೀಮೆಯ ಹಳ್ಳಿಗಳಿಗೆ ಬರುತ್ತಿದ್ದ ಗ್ರಾಮಸೇವಿಕೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಎಲ್ಲರೂ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಕೊಟ್ಟೂರಿನಿಂದ ಮೊದಲ ಬಸ್ಸಿಗೆ ಹೊರಟು, ಬಸ್ಸಿಲ್ಲದ ಕಡೆ ನಡೆದು ಬರುತ್ತಿದ್ದರು. ಕಂಕುಳಲ್ಲಿ ಒಂದು ಕೊಡೆ ಇರುತ್ತಿತ್ತು, ಎಂಥ ಬೇಸಿಗೆಯಲ್ಲೂ ಅದನ್ನು ಬಿಚ್ಚಿದ್ದು ನಾನು ಕಾಣೆ. ಯಾಕೆ ಎಂದರೆ, ಬಿಸಿಲಿನ ಗುಣ ಹೇಳಾಕ ಬಂದಾಕಿ ಬಿಸಿಲಿಗೆ ಅಂಜಿದ್ರ ಹೆಂಗ ಎಂದು ನಗುತ್ತಿದ್ದರು.

ಅವರಿಗೊಂದು ಅಭ್ಯಾಸವಿತ್ತು. ಯಾರ ಮನೆಗೆ ಹೋದರೂ ಪಡಸಾಲೆಯಲ್ಲಿ ಕೂರುತ್ತಿರಲಿಲ್ಲ, ನೆಟ್ಟಗೆ ಅಡಿಗೆ ಮನೆಗೆ ನುಗ್ಗುತ್ತಿದ್ದರು. ಒಲೆಯ ಹಿಂದಿನ ಗೋಡೆಗೆ ಬೆರಳೆಳೆದು, ಆ ಮಸಿಯಿಂದ ತಮ್ಮ ಮುಂಗೈ ಮೇಲೆ ಒಂದು ಗೆರೆ ಹಾಕಿಕೊಂಡು ತೋರಿಸುತ್ತಿದ್ದರು. "ಇದು ಗೋಡಿಗಷ್ಟ ಹತ್ತೈತಿ ಅಂತ ತಿಳೀಬ್ಯಾಡ್ರಿ. ನಿಮ್ಮ ಎದಿಯಾಗೂ ಇಷ್ಟಾ ಐತಿ." ನಮ್ಮತ್ತೆ ಮೊದಲ ಸಲ ಇದನ್ನು ನೋಡಿ, ನಮ್ಮ ಗೋಡೆ ಒರೆಸಾಕ ಸರ್ಕಾರ ಇಕಿಗೆ ಪಗಾರ ಕೊಡತೈತೇನು ಎಂದು ಒಳಗೊಳಗೇ ಗೊಣಗಿದರು. ಆದರೆ ಅಕ್ಕೋರು ಹೋದ ಮೇಲೆ ತಮ್ಮ ಬೆರಳನ್ನೂ ಗೋಡೆಗೆ ಎಳೆದು ನೋಡಿಕೊಂಡದ್ದನ್ನು ನಾನು ಕಂಡೆ.

ಕೂಡ್ಲಿಗಿ ಕಡೆಯ ಗುಡ್ಡಗಳಿಂದ ಕಟ್ಟಿಗೆ ತುಂಬಿದ ಲಾರಿಗಳು ಹೋಗುವುದನ್ನು ಬಸ್ಸಿನ ಕಿಟಕಿಯಿಂದ ನೋಡಿ ನೋಡಿ ಅವರಿಗೆ ರೋಸಿಹೋಗಿತ್ತು. ಗಿಡ ಕಡಿದ ಗುಡ್ಡದ ಮೇಲೆ ಮೋಡ ನಿಲ್ಲುವುದಿಲ್ಲ, ಮುಂದೆ ನಿಮ್ಮ ಮಕ್ಕಳ ಕಾಲಕ್ಕೆ ಮಳೆಗೆ ಹೊತ್ತುಗೊತ್ತು ಇರುವುದಿಲ್ಲ, ಸೆಕೆ ಮಾತ್ರ ಏರುತ್ತಾ ಹೋಗುತ್ತದೆ ಎಂದು ಆಗಲೇ ಹೇಳುತ್ತಿದ್ದರು. ಹವಾಮಾನ ಕೆಡುತ್ತದೆ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಪೇಪರಿನಲ್ಲಲ್ಲ, ಅವರ ಬಾಯಲ್ಲಿ. ಅದಕ್ಕೇ ಅವರನ್ನು ನಂಬಿದೆ. ಅಷ್ಟು ದೂರದ್ದನ್ನು ಕಾಣುವವರು ಹತ್ತಿರದ್ದರಲ್ಲಿ ಸುಳ್ಳಾಡುತ್ತಾರೆ ಎಂದು ಯಾರಿಗೆ ಅನಿಸುತ್ತದೆ?

ನಮ್ಮೂರಿಗೆ ಅವರು ಬಿಸಿಲೊಲೆ ತಂದದ್ದು ಒಂದು ಶ್ರಾವಣ ಕಳೆದ ಮೇಲೆ. ನೋಡಲು ಟ್ರಂಕಿನ ಹಾಗೆ ಒಂದು ಪೆಟ್ಟಿಗೆ, ಮುಚ್ಚಳದ ಒಳಗೆ ಕನ್ನಡಿ, ಅದರ ಕೆಳಗೆ ದಪ್ಪ ಗಾಜು, ಗಾಜಿನ ಕೆಳಗೆ ಕಪ್ಪು ಬಳಿದ ನಾಲ್ಕು ಡಬ್ಬಿ. ಕನ್ನಡಿಯನ್ನು ಸೂರ್ಯನ ಕಡೆ ತಿರುಗಿಸಿ ಶಾಲೆಯ ಅಂಗಳದಲ್ಲಿ ಇಟ್ಟರು. ಅಕ್ಕಿ ಮೊದಲೇ ತೊಳೆದು ಡಬ್ಬಿಗೆ ಹಾಕಿ ತಂದೀನಿ, ನಿಮಗ ಹೊತ್ತಾಗಬಾರದು ನೋಡ್ರಿ ಎಂದರು. ರೊಟ್ಟಿ ಆಕೈತೇನ್ರಿ ಇದರಾಗ ಎಂದು ಯಾರೋ ಕೇಳಿದಾಗ ಎಲ್ಲರೂ ಗೊಳ್ಳೆಂದರು. ರೊಟ್ಟಿ ಆಗಂಗಿಲ್ಲ, ಅನ್ನ ಬ್ಯಾಳಿ ಆಕೈತಿ, ನುಚ್ಚು ಆಕೈತಿ ಎಂದರು ಅಕ್ಕೋರು. ಮಾತಾಡುತ್ತಾ ನಾಲ್ಕೈದು ಸಲ ಗಾಜು ಎತ್ತಿ ಡಬ್ಬಿಯ ಮುಚ್ಚಳ ಒಂದಿಷ್ಟು ಸರಿಸಿ ಆವಿ ತೋರಿಸಿದರು. ಒಂದು ತಾಸಾಗುವುದರೊಳಗೆ ಅಗುಳು ಅವರ ಉಗುರಿನ ಮೇಲೆ ಹಿಟ್ಟಾಯಿತು. ಅವರ ಜೊತೆ ಬಂದಿದ್ದ ಇಲಾಖೆಯ ಸಾಹೇಬರು ತಲೆಯಾಡಿಸಿ ಜೀಪು ಹತ್ತಿದರು.

ನನಗೆ ಆ ಒಂದು ತಾಸು ಎಷ್ಟು ಮುಖ್ಯವಾಗಿತ್ತು ಎಂಬುದನ್ನು ಹೇಳಲೇಬೇಕು. ಹತ್ತನೆಯ ಈಯತ್ತೆ ಮುಗಿಯುವ ಮೊದಲೇ ನನ್ನ ಲಗ್ನವಾಗಿತ್ತು. ಹೇಗಾದರೂ ಎಸ್ಸೆಸ್ಸೆಲ್ಸಿ ಪಾಸಾಗಿ ಟೀಚರ್ ಆಗಬೇಕು ಎಂಬುದು ನನ್ನ ಹಟ. ಆ ವರ್ಷ ಪರೀಕ್ಷೆಗೆ ಕಟ್ಟಲು ನನ್ನ ಗಂಡ ಒಪ್ಪಿದ್ದರು. ಊರ ಹೈಸ್ಕೂಲಿನ ಹೆಡ್ ಮಾಸ್ತರರು ಮಧ್ಯಾಹ್ನದ ತನಕ ಹಿಂದಿನ ಬೆಂಚಿನಲ್ಲಿ ಕೂತು ಕೇಳಲಿ ಎಂದಿದ್ದರು. ಅತ್ತೆಯದು ಒಂದೇ ಷರತ್ತು. ಹಗಲಡಿಗೆ ಮುಗಿಯದೆ ಹೊಸ್ತಿಲು ದಾಟಬಾರದು. ರೊಟ್ಟಿಯನ್ನು ನಸುಕಿನಲ್ಲೇ ಬಡಿದಿಡುತ್ತಿದ್ದೆ. ಅನ್ನ ಬೇಳೆಯನ್ನು ಮಾತ್ರ ಬಿಸಿಯಾಗಿಯೇ ಬಡಿಸಬೇಕು, ಅದಕ್ಕೆ ಒಲೆಯ ಮುಂದೆ ಕೂರಬೇಕು. ಅಷ್ಟರಲ್ಲಿ ಗಣಿತದ ಪಿರಿಯಡ್ಡು ಮುಗಿದಿರುತ್ತಿತ್ತು. ನಾನು ಹಿಂದುಳಿದದ್ದೂ ಗಣಿತದಲ್ಲೇ.

ಒಂದು ತಾಸು ಪೆಟ್ಟಿಗೆಯಲ್ಲಿಟ್ಟು ಶಾಲೆಗೆ ಹೋಗಿ, ಬಂದು ಬಡಿಸಿದರೆ ಆಯಿತಲ್ಲ! ಆ ದೀಪಾವಳಿಗೆ ನನಗೆ ಸೀರೆ ಬೇಡ, ಬಿಸಿಲೊಲೆ ಕೊಡಿಸಿ ಎಂದು ತವರಿಗೆ ಹೇಳಿಕಳಿಸಿದೆ. ಅಕ್ಕೋರೇ ನನ್ನ ಹೆಸರು ಬರೆದುಕೊಂಡರು. ಪೆಟ್ಟಿಗೆ ಕೊಡುವಾಗ ನನ್ನ ಗಲ್ಲ ಹಿಡಿದು, "ನಿನ್ನಂಥಾಕಿ ಸಲುವಾಗೇ ಇದನ್ನ ಮಾಡ್ಯಾರವ್ವ, ಓದು" ಎಂದರು. ಆ ಮಾತಿನ ಸಂತೋಷದಲ್ಲಿ ನಾನು ವಾರಗಟ್ಟಲೆ ತೇಲಾಡಿದೆ.

ಪೆಟ್ಟಿಗೆ ಬಂದ ಮೇಲಿನ ಮೊದಲ ಸೋಮವಾರವೇ ಅದರ ಪರೀಕ್ಷೆಗೆ ನಿಂತೆ. ಸೋಮವಾರ ನಮ್ಮ ಮನೆಗೆ ಊರಿನ ಜಂಗಮ ಅಯ್ಯನವರು ಊಟಕ್ಕೆ ಬರುತ್ತಿದ್ದರು. ಅವರ ಪಾದಪೂಜೆ ಮಾಡಿ, ಅವರು ಉಂಡ ಮೇಲೆಯೇ ಮಾವ ತುತ್ತು ಮುಟ್ಟುವುದು. ಹನ್ನೆರಡಕ್ಕೆ ಅವರು ಮಣೆಯ ಮೇಲೆ ಕೂತಿರುತ್ತಾರೆ ಎಂದು ಲೆಕ್ಕ ಹಾಕಿ, ಹತ್ತೂವರೆಗೆ ಇಟ್ಟೆ. ಒಂದು ತಾಸು ಸಾಕು, ಅರ್ಧ ತಾಸು ಹೆಚ್ಚೇ ಇರಲಿ ಎಂದುಕೊಂಡೆ. ಅಕ್ಕೋರು ಮಾಡಿದ ಹಾಗೇ ಆಗಾಗ ಗಾಜು ಎತ್ತಿ ನೋಡಿದೆ. ಹನ್ನೆರಡಾಯಿತು. ಅಯ್ಯನವರು ಬಂದು ಕೂತರು. ಡಬ್ಬಿ ತೆಗೆದರೆ ಉಗುರುಬೆಚ್ಚಗಿನ ನೀರಿನಲ್ಲಿ ಅಕ್ಕಿ ಅಕ್ಕಿಯಾಗಿಯೇ ಮುಳುಗಿ ಕೂತಿತ್ತು. ಅತ್ತೆ ಓಡಿ ಒಲೆ ಹೊತ್ತಿಸಿದರು, ಆದರೆ ಅಯ್ಯನವರಿಗೆ ಇನ್ನೂ ಎರಡು ಮನೆ ಇತ್ತು. ಎರಡು ಬಾಳೆಹಣ್ಣು ತಿಂದು, ಹಾಲು ಕುಡಿದು ಎದ್ದರು. ಮಾವ ಅಂಗಿ ಹಾಕಿಕೊಂಡು ಉಪವಾಸವೇ ಹೊಲಕ್ಕೆ ಹೋದರು. ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅತ್ತೆ ನನ್ನ ಪುಸ್ತಕಗಳನ್ನು ತಂದು ಆ ಪೆಟ್ಟಿಗೆಯೊಳಗೇ ಹಾಕಿ ಚಿಲಕ ಇಕ್ಕಿದರು. ಎರಡೂ ಒಂದಾ ಕಡೆ ಇರಲಿ ಎಂದರು. ಗಂಡ ನನ್ನ ಪರವಾಗಿ ಬಾಯಿ ಬಿಡಲಿಲ್ಲ. ಆ ವರ್ಷದ ಪರೀಕ್ಷೆ ಹೋಯಿತು. ನನ್ನ ಕೈಗುಣವೇ ಸರಿಯಿಲ್ಲ, ಅಕ್ಕೋರ ಕೈಯಲ್ಲಿ ಬೇಯುವುದು ನನ್ನ ಕೈಯಲ್ಲಿ ಬೇಯುವುದಿಲ್ಲ ಎಂದುಕೊಂಡು ಬೇಸಿಗೆ ತನಕ ಅಳುತ್ತಿದ್ದೆ. ನಿಜ ಹೇಳುತ್ತೇನೆ, ಅಕ್ಕೋರ ಮೇಲೆ ಒಂದಿಷ್ಟೂ ಸಂಶಯ ಬರಲಿಲ್ಲ.

ಹೊಳಲಿಗೆ ಕೊಟ್ಟಿದ್ದ ನನ್ನ ಅಕ್ಕ ಒಮ್ಮೆ ಬಂದಾಗ ನನ್ನ ಗೋಳು ಕೇಳಿ ನಕ್ಕಳು. "ಅಯ್ಯ ಹುಚ್ಚಿ, ಹಸಿ ಅಕ್ಕಿ ಇಟ್ಟಿಯೇನು? ಅಕ್ಕೋರು ನಮ್ಮೂರಾಗ ತೋರಿಸೋ ದಿನ ನಮ್ಮನಿ ಒಲಿ ಮ್ಯಾಲೇ ಮುಕ್ಕಾಲು ಬೇಯಿಸಿಕೊಂಡು ಹೋಗ್ಯಾರ. ಇಲ್ಲಂದ್ರ ಒಂದು ತಾಸಿನ್ಯಾಗ ಹೆಂಗ ಬೇಯ್ತೈತಿ?" ಅವಳಿಗೆ ಅದು ದೊಡ್ಡ ಸಂಗತಿಯೇ ಅಲ್ಲ. ನನ್ನ ಗಲ್ಲ ಹಿಡಿದು ಓದು ಎಂದ ಕೈ ಅದೇ ಅಲ್ಲವೇ?

ಆ ವಾರ ಹಿರೇಹಡಗಲಿಯಲ್ಲಿ ಅಕ್ಕೋರು ಬರುತ್ತಾರೆಂದು ತಿಳಿದು, ಸಂತೆಯ ನೆವ ಹೇಳಿ ಹೋದೆ. ಎಲ್ಲರ ಮುಂದೆ ಡಬ್ಬಿ ಕಿತ್ತು, ಅನ್ನ ಮೊದಲೇ ಬೆಂದದ್ದನ್ನು ತೋರಿಸಿಬಿಡಬೇಕು ಎಂದು ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡೇ ನಡೆದೆ. ನನ್ನನ್ನು ಕಂಡದ್ದೇ ಅವರ ಮುಖ ಅರಳಿತು. ಕೈ ಹಿಡಿದು ಎಳೆದು ನಡುವೆ ನಿಲ್ಲಿಸಿ, ಇಕಿ ಮನ್ಯಾಗ ಈ ಒಲಿ ಐತಿ, ನನ್ನ ಕೇಳಬ್ಯಾಡ್ರಿ, ಇಕಿನ್ನ ಕೇಳ್ರಿ ಎಂದರು. ಮುಂದೆ ಕೂತಿದ್ದ ಒಬ್ಬ ಬಸುರಿ ಹೆಂಗಸು ನನ್ನ ಮುಖವನ್ನೇ ನೋಡುತ್ತಾ, ಖರೇನಾ ಆಕೈತೇನವ್ವ ಎಂದು ಕೇಳಿದಳು.

ಬಾಯಿ ತೆರೆದೆ. "ಆಕೈತ್ರಿ" ಎಂದೆ.

ಯಾಕೆ ಹಾಗಂದೆನೋ ಇಂದಿಗೂ ಗೊತ್ತಿಲ್ಲ. ಅವರ ಕೈ ನನ್ನ ಕೈ ಹಿಡಿದಿತ್ತು, ಅಷ್ಟು ಜನ ನೋಡುತ್ತಿದ್ದರು, ಸಾಹೇಬರು ಕುರ್ಚಿಯ ಮೇಲೆ ಕೂತಿದ್ದರು. ನಾಲಿಗೆ ತಾನೇ ಹೊರಳಿತು. ಆ ಬಸುರಿ ಎದ್ದು ಹೋಗಿ ಹೆಸರು ಬರೆಸಿದಳು. ನಾನು ಮೋಸ ಹೋದದ್ದಷ್ಟೇ ಅಲ್ಲ, ನನ್ನನ್ನು ಮೋಸ ಮಾಡುವವಳನ್ನಾಗಿಯೂ ಮಾಡಿದರಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಜನ ಚದುರಿದ ಮೇಲೆ ಬೇವಿನ ಗಿಡದ ಕೆಳಗೆ ಅವರನ್ನು ಹಿಡಿದು ನಿಲ್ಲಿಸಿದೆ. ನಮ್ಮಕ್ಕ ಹೇಳಿದ್ದನ್ನು ಹೇಳಿದೆ, ಅಯ್ಯನವರು ಎದ್ದುಹೋದದ್ದನ್ನು ಹೇಳಿದೆ, ಪರೀಕ್ಷೆ ಹೋದದ್ದನ್ನು ಹೇಳಿದೆ. ಇಲ್ಲ ಎನ್ನಬಹುದು ಎಂದುಕೊಂಡಿದ್ದೆ. ಅವರು ಇಲ್ಲ ಎನ್ನಲಿಲ್ಲ.

"ಹೌದು, ಬೇಯಿಸಿಕೊಂಡಾ ತರತೀನಿ" ಎಂದರು. "ಅದಕ್ಕ ಖರೇ ಮೂರು ತಾಸು ಬೇಕು. ನಡುವ ಗಾಜು ಎತ್ತಬಾರದು. ಸಾಹೇಬರ ಜೀಪು ಒಂದೂವರಿ ತಾಸಿಗೆ ಹೊಂಡತೈತಿ. ಮೂರು ತಾಸು ಯಾರು ಕುಂದರ್ತಾರವ್ವ, ಈ ಬಿಸಿಲಾಗ?"

"ನಾ ಕುಂದರ್ತಿದ್ದೆನ್ರಿ" ಎಂದೆ.

ಅವರು ಕೊಡೆಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಿಸಿದರು. ನಾನು ಬೆನ್ನು ತಿರುಗಿಸಿ ನಡೆದೆ. ಅವರ ಜೊತೆ ನಾನಾಡಿದ ಕೊನೆಯ ಮಾತು ಅದೇ.

ಸಿಟ್ಟು ಎಷ್ಟೇ ಇರಲಿ, ಮೂರು ತಾಸು ಎಂದ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು. ಮನೆಗೆ ಬಂದು ಪೆಟ್ಟಿಗೆಯಿಂದ ಪುಸ್ತಕ ತೆಗೆದು ಪಕ್ಕಕ್ಕಿಟ್ಟೆ. ಮರುದಿನ ಒಂಬತ್ತಕ್ಕೆ ಅಕ್ಕಿ ಬೇಳೆ ಇಟ್ಟು, ಗಾಜು ಮುಟ್ಟದೆ, ಬಿಸಿಲು ಸರಿದ ಹಾಗೆ ಪೆಟ್ಟಿಗೆ ತಿರುಗಿಸುತ್ತಾ ಪಕ್ಕದಲ್ಲೇ ಓದುತ್ತಾ ಕೂತೆ. ಹನ್ನೆರಡಕ್ಕೆ ತೆಗೆದರೆ ಅನ್ನ ಮಲ್ಲಿಗೆಯಾಗಿತ್ತು. ಅತ್ತೆ ಒಂದು ತುತ್ತು ಬಾಯಿಗೆ ಹಾಕಿಕೊಂಡು, ಹೊಗಿ ವಾಸನಿನೇ ಇಲ್ಲಲ್ಲ ಇದಕ್ಕ, ರುಚಿ ಎಲ್ಲಿಂದ ಬರಬೇಕು ಎಂದರು. ಆದರೆ ಇನ್ನೊಂದು ತಿಂಗಳಿಗೆ, ನಾನು ಶಾಲೆಗೆ ಹೋದಾಗ ಪೆಟ್ಟಿಗೆ ತಿರುಗಿಸುವವರು ಅವರೇ ಆಗಿದ್ದರು. ಮರುವರ್ಷ ಪಾಸಾದೆ, ಗಣಿತವೂ ಸೇರಿ. ಮುಂದೆ ಟೀಚರ್ ತರಬೇತಿಯೂ ಆಯಿತು, ಕೊಟ್ಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನೌಕರಿಯೂ ಆಯಿತು.

ಹಿರೇಹಡಗಲಿಯ ಆ ಹೆಂಗಸನ್ನು ಹುಡುಕಿಕೊಂಡು ಹೋಗಿದ್ದೆ. ಆಗಲೇ ಕೂಸು ಹುಟ್ಟಿತ್ತು. ಬಿಸಿಲೊಲೆಯ ತುಂಬ ಹಪ್ಪಳ ಸಂಡಿಗೆ ಇತ್ತು. ಒಂದು ತಾಸು ಸಾಲದು, ಮೂರು ತಾಸು ಇಟ್ಟು ನೋಡು ಎಂದು ಹೇಳಿದೆ. ಅವಳು ಕೂಸಿನ ತಲೆ ಸವರುತ್ತಾ, "ಅವತ್ತ ನೀನೂ ಆಕೈತಿ ಅಂದ್ಯಲ್ಲವ್ವ" ಎಂದಳು. ಬೈಯಲಿಲ್ಲ, ಮಜ್ಜಿಗೆ ಕೊಟ್ಟಳು. ನನ್ನ ಮಾತನ್ನು ಎರಡನೆಯ ಸಲ ನಂಬಲಿಲ್ಲ, ಅಷ್ಟೇ. ಅವಳಂಥವರು ಊರೂರಿಗೆ ಎಷ್ಟು ಜನ ಇದ್ದರೋ. ಬಿಸಿಲಿನ ಅಡಿಗೆ ಸುಳ್ಳು ಎಂಬ ಮಾತು ನಮ್ಮ ಸೀಮೆಯಲ್ಲಿ ಬೇರೂರಿಬಿಟ್ಟಿತು. ಈಗ ಹರಪನಹಳ್ಳಿ ಕಡೆ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುವುದನ್ನು, ಹೊಲಗಳಲ್ಲಿ ಬಿಸಿಲಿನ ಹಲಗೆ ಹಾಸಿರುವುದನ್ನು ನೋಡಿದಾಗಲೆಲ್ಲ, ಅಕ್ಕೋರು ಅಂದೇ ಹೇಳಿದ್ದರಲ್ಲ ಎಂದೂ ಅನಿಸುತ್ತದೆ, ಹಲ್ಲೂ ಕಡಿಯುವಂತಾಗುತ್ತದೆ.

ಆ ದಶಕ ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ, ಅಕ್ಕೋರು ಹೋಗಿಬಿಟ್ಟರು ಎಂದು ಶಾಲೆಯಲ್ಲಿ ಯಾರೋ ಹೇಳಿದರು. ಹೋಗಬಾರದು ಎಂದುಕೊಂಡೇ ಕೊಟ್ಟೂರಿನ ಬಸ್ಸು ಹತ್ತಿದೆ. ಮನೆ ಮುಟ್ಟಿದಾಗ ಹನ್ನೆರಡರ ಹತ್ತಿರ. ಅಕ್ಕೋರನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ಭಜನೆಯವರು ಹಾಡುತ್ತಿದ್ದರು. ಮಡಿಲಲ್ಲಿ ಇಟ್ಟಿದ್ದ ಬಲಗೈಯ ಆ ಉಗುರೇ ಮೊದಲು ನನ್ನ ಕಣ್ಣಿಗೆ ಬಿತ್ತು.

ಆ ಮನೆಯಲ್ಲಿ ಅಕ್ಕೋರ ಜೊತೆಗೇ ಇದ್ದ ಅವರ ತಂಗಿ ಬಂದವರಿಗೆಲ್ಲ ಹೇಳಿದ್ದನ್ನೇ ನನಗೂ ಹೇಳಿದರು. ಒಂಬತ್ತಕ್ಕೆ ಮಾಳಿಗೆ ಹತ್ತಿ ಬಿಸಿಲೊಲೆಯಲ್ಲಿ ಅಕ್ಕಿ ಇಟ್ಟು ಬಂದರು, ಒಂದೀಟು ಅಡ್ಡಾಗುತ್ತೇನೆ ಎಂದರು, ಏಳಲಿಲ್ಲ. ನಾನು ತಡವರಿಸುತ್ತಾ, ಅಕ್ಕೋರು ಅದರೊಳಗೆ ಅಡಿಗೆ ಮಾಡುತ್ತಿದ್ದರೇ ಎಂದು ಕೇಳಿದೆ.

"ಆ ಪೆಟಿಗಿ ಮನಿಗೆ ಬಂದಾಗಿಂದ ಬಿಸಿಲಿದ್ದ ಒಂದು ದಿನಾನೂ ಬಿಟ್ಟಾಕಿ ಅಲ್ಲ" ಎಂದರು ಅವರು. "ಊರೂರು ತಿರಗೋ ದಿನ ನಾ ಇಡ್ತಿದ್ದೆ. ಸಂಜೀಗೆ ಬಂದು ಅದನ್ನಾ ಉಣ್ತಿದ್ಲು."

ಅಂದರೆ, ನಮ್ಮೂರಿಗೆ ಒಲೆಯ ಮೇಲೆ ಬೆಂದ ಅನ್ನ ಹೊತ್ತು ತಂದ ದಿನವೂ ಅವರ ಮಾಳಿಗೆಯ ಮೇಲೆ ಖರೇ ಅನ್ನ ಮೂರು ತಾಸು ಕೂತು ಬೇಯುತ್ತಿತ್ತು! ಅವರಿಗೆ ಬಿಸಿಲಿನ ಮೇಲೆ ನಂಬಿಕೆ ಇರಲಿಲ್ಲ ಎಂದು ನಾನು ಅಷ್ಟು ವರ್ಷ ತಿಳಿದಿದ್ದೆ. ಹಾಗಿದ್ದರೆ ಕ್ಷಮಿಸಿಬಿಡಬಹುದಿತ್ತು. ಬಿಸಿಲನ್ನು ಅವರು ಪೂರಾ ನಂಬಿದ್ದರು, ನಂಬದೆ ಹೋದದ್ದು ನಮ್ಮನ್ನು. ಅಲ್ಲಿ ನಿಂತಲ್ಲೇ ನನಗೆ ಹೊಸದಾಗಿ ಸಿಟ್ಟು ಬಂತು. ಸತ್ತವರ ಮುಂದೆ ಹಾಗೆ ಸಿಟ್ಟಾಗಬಾರದು, ಆದರೂ ಬಂತು.

ಮಾಳಿಗೆ ಹತ್ತಿದೆ. ಬಿಸಿಲು ಸರಿದು ಪೆಟ್ಟಿಗೆಯ ಮೇಲೆ ಅದರದೇ ಮುಚ್ಚಳದ ನೆರಳು ಬೀಳುತ್ತಿತ್ತು. ಅದನ್ನು ಸೂರ್ಯನ ಕಡೆ ತಿರುಗಿಸಿ ಪಕ್ಕದಲ್ಲಿ ಕೂತೆ. ಕೆಳಗೆ ಭಜನೆ ನಡೆದಿತ್ತು. ದೇಹ ಎತ್ತುವ ತನಕ ಆ ಮನೆಯಲ್ಲಿ ಒಲೆ ಹೊತ್ತಿಸುವಂತಿರಲಿಲ್ಲ. ಇಲ್ಲಿ ಮಾತ್ರ ಅನ್ನ ತನ್ನ ಪಾಡಿಗೆ ತಾನು ಬೇಯುತ್ತಿತ್ತು. ತಲೆಯ ಮೇಲೆ ಸೆರಗು ಹೊದ್ದು ಎರಡು ತಾಸು ಕೂತೆ. ಇನ್ನೆರಡು ಸಲ ತಿರುಗಿಸಿದೆ, ಗಾಜು ಎತ್ತಲಿಲ್ಲ. ಕೆಳಗೆ ಹೊರಡುವ ಗಡಿಬಿಡಿ ಕೇಳಿದ ಮೇಲೆ ಡಬ್ಬಿ ತೆಗೆದು, ಒಂದು ಅಗುಳನ್ನು ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟು ಒತ್ತಿದೆ.

ಇಳಿದು ಬಂದಾಗ ಎಲ್ಲರೂ ಸಾಲಾಗಿ ಹೂವು ಪತ್ರೆ ಹಾಕುತ್ತಿದ್ದರು. ನನ್ನ ಸರದಿ ಬಂದಾಗ ಬಗ್ಗಿ, ಅವರಿಗೊಬ್ಬರಿಗೇ ಕೇಳುವಷ್ಟು ದನಿಯಲ್ಲಿ ಹೇಳಿದೆ.

"ಕುಂತಿದ್ದೆನ್ರಿ ಅಕ್ಕೋರೇ. ಬೆಂದೈತಿ."